ಎಡಗಡೆಯ ಇಳಿಜಾರು

ಕನ್ನಡಿಯಲ್ಲಿ ಮತ್ತೆ ಅವನ ಟೊಪ್ಪಿ, ಮೂರನೆಯ ಸಾಲು, ಕಿಟಕಿ ಪಕ್ಕ, ತೊಡೆಯ ಮೇಲೆ ಕೂಸಿನ ಹಾಗೆ ಮಲಗಿಸಿಕೊಂಡ ಕ್ಯಾಮೆರಾ — ಅವನೇ, ಫೋಟೋದವನು, ಹತ್ತುವಾಗ ನನ್ನ ಮುಖ ನೋಡಿಯೂ ಗುರುತು ಹಿಡಿಯಲಿಲ್ಲ, ಯಾಕೆ ಹಿಡಿದಾನು, ಬಸ್ಸು ಓಡಿಸುವವಳ ಬೆನ್ನು ತಾನೇ ಜನಕ್ಕೆ ಗೊತ್ತಿರುವುದು, ಅಕ್ಕಾ, ಇವತ್ತು ಕರಡಿ ಸಿಗುತ್ತಾ ಅಂದ, ಅಂಗಡಿಯಲ್ಲಿ ಬ್ರೆಡ್ ಸಿಗುತ್ತಾ ಅನ್ನುವ ಹಾಗೆ, ಅದೃಷ್ಟ ಇದ್ದರೆ ಸಿಗುತ್ತೆ ಸಾರ್ ಅಂದೆ, ಹಲ್ಲು ಕಚ್ಚಿಕೊಂಡು. ಏಳಕ್ಕೆ ಹೊರಟದ್ದು, ಈಗ ಹನ್ನೊಂದು, ಜಲ್ಲಿ ರಸ್ತೆ, ಬೆರಳು ಮರಗಟ್ಟಿವೆ, ಎಲೆ ಹಣ್ಣಾಗಿ ಕಣಿವೆಯೆಲ್ಲ ಆಗಲೇ ಕೆಂಪಾಗಿದೆ, ಇನ್ನೆರಡು ವಾರಕ್ಕೆ ಹಿಮ ಬಿದ್ದು ಉದ್ಯಾನದ ಗೇಟು ಮುಚ್ಚುತ್ತಾರೆ, ಅಲ್ಲಿಯವರೆಗೆ ಇಂಥ ಮೂವತ್ತು ಜನರನ್ನು ದಿನಾ ಹೊತ್ತು ತಿರುಗಬೇಕು, ಅಗೋ ಹಿಮಸಾರಂಗ, ಎಲ್ಲಿ ಎಲ್ಲಿ, ಅದು ಬಂಡೆ ಕಣ್ರೀ, ಬಂಡೆಗೆ ಕೊಂಬು ಇರುತ್ತಾ — ನಗು, ನಕ್ಕು ಸಾಯಲಿ. ಅವನು ಪಕ್ಕದ ಮುದುಕಮ್ಮನಿಗೆ ಕಥೆ ಹೇಳುತ್ತಿದ್ದಾನೆ, ಹೋದ ವರ್ಷ ಇದೇ ರಸ್ತೇಲಿ ಅಮ್ಮಾ, ತಾಯಿ ಕರಡಿ, ನಾನು ಹದಿನೈದು ಹೆಜ್ಜೆ ದೂರ, ಎರಡು ಕಾಲ ಮೇಲೆ ಎದ್ದು ನಿಂತ್ಕೊಂಡುಬಿಡ್ತು, ನನ್ನ ಕೈ ನಡುಗಲಿಲ್ಲ ನೋಡಿ, ಆ ಫೋಟೋಗೆ ಬಹುಮಾನ ಬಂತು — ಅಯ್ಯೋ, ಆಮೇಲೆ? ಆಮೇಲೇನು, ಗಾರ್ಡುಗಳು ನೋಡ್ಕೊಂಡ್ರು. ನೋಡ್ಕೊಂಡ್ರು. ಎರಡು ಗುಂಡೇಟಿಗೆ ಎಷ್ಟು ನಯವಾದ ಮಾತು. ಆ ಚಿತ್ರಕ್ಕೆ ಕಟ್ಟು ಹಾಕಿಸಿ ಗೇಟಿನ ಕಚೇರಿಯಲ್ಲಿ ತೂಗುಹಾಕಿದ್ದಾರೆ, ದಿನಾ ಅದರ ಕೆಳಗೇ ನಿಂತು ಸಹಿ ಹಾಕಿ ಬೀಗದ ಕೈ ತಗೊಳ್ಳುತ್ತೇನೆ, ಅವನ ಹೆಸರು ದಪ್ಪಕ್ಷರದಲ್ಲಿ, ಕರಡಿ ಸತ್ತದ್ದು ಎಲ್ಲೂ ಇಲ್ಲ, ಮನೆಯಲ್ಲಿ ಗಂಡ, ಒಂದು ಮೃಗಕ್ಕೋಸ್ಕರ ವರ್ಷವಿಡೀ ಮುಖ ಊದಿಸ್ಕೊಂಡಿರ್ತೀಯಾ, ಬಿಡೇ ಅನ್ನುತ್ತಾನೆ, ಅವನಿಗೆ ನಾನು ಎಲ್ಲ ಹೇಳಿಲ್ಲ — ತಿರುವು, ಎಡಗಡೆಯ ಇಳಿಜಾರು, ಹಣ್ಣಿನ ಪೊದೆ ಅಲುಗಿತು, ಗಾಳಿಯಿಲ್ಲ, ಕಂದು ಬೆನ್ನು, ತಲೆ ಎತ್ತಿತು, ಸೀಳಿದ ಕಿವಿ, ಅದೇ, ಸತ್ತ ಆ ತಾಯಿಯ ಮರಿ, ಬದುಕಿದೆ, ತಾಯಿಯಿಲ್ಲದೆ ಒಂದು ಚಳಿಗಾಲ ದಾಟಿ ಬಂದಿದೆ. ಪ್ರಾಣಿ ಕಂಡರೆ ಬಸ್ಸು ನಿಲ್ಲಿಸಿ ತೋರಿಸಬೇಕು, ಅದೇ ನನ್ನ ಕೆಲಸ. ಮೈಕು ತಗೊಂಡೆ, ಎಲ್ಲರೂ ಬಲಗಡೆ ನೋಡಿ, ಬೆಟ್ಟದ ತುದೀಲಿ ಬಿಳಿ ಕಾಡುಕುರಿಗಳು ಅಂದೆ, ಮೂವತ್ತು ತಲೆ ಬಲಕ್ಕೆ ತಿರುಗಿದವು, ಅಲ್ಲಿರುವುದು ಸುಣ್ಣದ ಕಲ್ಲು, ನೋಡಲಿ, ಕಣ್ತುಂಬ ನೋಡಲಿ, ಆಕ್ಸಿಲರೇಟರು ಒತ್ತಿದೆ, ಇಳಿಜಾರು ಹಿಂದೆ ಬಿತ್ತು. ಅವನು ಎದ್ದು ಬಂದ, ಅಕ್ಕಾ, ಎಡಗಡೆ ಏನೋ ಇತ್ತಲ್ಲ, ಹಿಂದಕ್ಕೆ ತಗೊಳ್ಳಿ. ಏನಿಲ್ಲ ಸಾರ್, ಕೂತ್ಕೊಳ್ಳಿ. ನಾನೇ ನೋಡಿದೆ ಕಣ್ರೀ. ಕೂತ್ಕೊಳ್ಳಿ. ದೂರು ಕೊಡ್ತೀನಿ. ಕೊಡಿ ಸಾರ್, ನಂಬರು ಬಾಗಿಲ ಮೇಲಿದೆ — ಬಾಗಿಲು. ಹೋದ ವರ್ಷ ಅವನಿಗೆ ಬಾಗಿಲು ತೆಗೆದವಳು ನಾನು. ಹೊಟ್ಟೆ ತೊಳಸ್ತಿದೆ ಅಕ್ಕಾ, ಒಂದೇ ನಿಮಿಷ ಅಂದಿದ್ದ, ನಂಬಿ ಬಾಗಿಲಿನ ಗುಂಡಿ ಒತ್ತಿದೆ, ಕಾಡಿನ ನಡುವೆ ಒತ್ತಬಾರದೆಂದು ಗೊತ್ತಿದ್ದೂ, ಇಳಿದವನೇ ಕ್ಯಾಮೆರಾ ಎತ್ತಿ ಕರಡಿಯತ್ತ ನಡೆದ, ಆಮೇಲೆ ವರದಿಯಲ್ಲಿ ಬಾಗಿಲು ಕೆಟ್ಟಿತ್ತು ಅಂತ ಬರೆದೆ, ನೌಕರಿ ಉಳಿಯಿತು, ಅವನ ಸುಳ್ಳಿಗೆ ನನ್ನ ಸುಳ್ಳು ಜೋಡಿ, ಬೈಯುವುದಕ್ಕೆ ಮಾತ್ರ ಅವನೊಬ್ಬ — ರಸ್ತೆ ನೋಡು, ಗೇರು ಬದಲಿಸು — ಗುಂಡಿನ ಸದ್ದು ಅಡಗಿದ ಮೇಲೆ ಸೀಳಿದ ಕಿವಿಯ ಮರಿ ಪೊದೆಯಿಂದ ಬಂತು, ಬಿದ್ದ ತಾಯಿಯ ಹೊಟ್ಟೆಗೆ ಮೂತಿ ತೂರಿಸಿ ಹಾಲು ಕುಡಿಯತೊಡಗಿತು, ರಸ್ತೆ ನೋಡು, ಮೂತಿ ತೂರಿಸಿ, ರಸ್ತೆ, ಕುಡಿಯುತ್ತಲೇ ಇತ್ತು