ಎರಡು ಸಲ ಮಿನುಗುವ ದೀಪ

ನನ್ನ ಗಂಡ ಪ್ರಣವ ತೀರಿಕೊಂಡ ಮೇಲೆ ಅವನ ಕಂಪನಿಯ ಸುಖೇಶ್, ನಿಗಡಿಯಲ್ಲಿರುವ ನಮ್ಮ ಮನೆಗೆ ಬಂದು ಆಫೀಸಿನ ಲ್ಯಾಪ್‌ಟಾಪ್ ಒಯ್ದ. ಅಂದೇ ಅತ್ತೆಯ ದೀಪ ನಿಂತುಹೋಯಿತು.

ಅತ್ತೆ ರಾಧಾಬಾಯಿಗೆ ಕಿವಿ ಕೇಳಿಸುವುದಿಲ್ಲ. ಬಾಗಿಲಿನ ಗುಂಡಿ ಒತ್ತಿದರೆ ಹಾಲ್‌ನಲ್ಲಿ ಹತ್ತುವ ದೀಪವೊಂದನ್ನು ಪ್ರಣವ ಮಾಡಿಕೊಟ್ಟಿದ್ದ. ಸಣ್ಣ ಬೋರ್ಡು, ಅವನ ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಯುಎಸ್‌ಬಿ ವೈರು, ಬಲ್ಬು. ಬೇಗಬೇಗ ಎರಡು ಸಲ ಒತ್ತಿದರೆ ಎರಡು ಸಲ ಮಿನುಗುತ್ತಿತ್ತು. ಹಾಗೆ ಒತ್ತುತ್ತಿದ್ದವನು ಅವನೊಬ್ಬನೇ.

ವೈರನ್ನು ಮೊಬೈಲ್ ಚಾರ್ಜರಿಗೆ ಹಾಕಿದೆ. ಹತ್ತಲಿಲ್ಲ.

“ದೀಪಕ್ಕೂ ಸೂತಕ ಏನ?” ಅಂದರು ಅತ್ತೆ.

ಅವನಂತೆ ನನ್ನದೂ ಇಂಥ ಬೋರ್ಡುಗಳಿಗೆ ಪ್ರೋಗ್ರಾಂ ಬರೆಯುವ ಕೆಲಸ, ಖರಾಡಿಯ ಆಫೀಸಿನಲ್ಲಿ. ಬೋರ್ಡನ್ನು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದಾಗ ಅದೊಂದು ಸೀರಿಯಲ್ ಪೋರ್ಟಾಗಿ, ಕಂಪ್ಯೂಟರಿನೊಡನೆ ಸಂದೇಶ ಸಾಗುವ ದಾರಿಯಾಗಿ, ಕಾಣಿಸಿತು. ನಿಜವಾದ ಪೋರ್ಟಲ್ಲ, ಒಳಗಿನ ಪ್ರೋಗ್ರಾಂ ಯುಎಸ್‌ಬಿ ಮೇಲೆ ಹಾಕುವ ವೇಷ. ಪೋರ್ಟು ತೆರೆದ ಕೂಡಲೇ ದೀಪ ಕೆಲಸ ಮಾಡಿತು. ಆಗ ತಿಳಿಯಿತು. ಪರೀಕ್ಷೆ ಮಾಡುವಾಗ ಮೊದಲ ಸಂದೇಶ ಕಳೆದುಹೋಗಬಾರದೆಂದು, ಆಚೆ ಕಡೆ ಕಂಪ್ಯೂಟರಿನಲ್ಲಿ ಯಾರಾದರೂ ಪೋರ್ಟು ತೆರೆಯುವ ತನಕ ಕಾಯಬೇಕೆಂದು ಪ್ರೋಗ್ರಾಮಿನಲ್ಲಿ ಒಂದು ಸಾಲು ಬರೆಯುತ್ತೇವೆ. ಆಮೇಲೆ ತೆಗೆಯಬೇಕು. ಅವನ ಮೇಜಿನ ಮೇಲೆ ಲ್ಯಾಪ್‌ಟಾಪ್ ಸದಾ ತೆರೆದೇ ಇರುತ್ತಿತ್ತು, ಅದರಲ್ಲಿ ಆ ಪೋರ್ಟೂ. ಆ ಸಾಲು ತೆಗೆಯಲು ಮರೆತಿದ್ದ.

ಆ ಲ್ಯಾಪ್‌ಟಾಪಿನಲ್ಲಿ ಅವನು ಬರೆದಿಟ್ಟ ಪ್ರೋಗ್ರಾಂ ಬೇಕೆಂದು ಸುಖೇಶ್‌ಗೆ ಫೋನ್ ಮಾಡಿದೆ.

“ವೈನಿ, ಅದನ್ನ ಪೂರಾ ಅಳಿಸಿ ಬ್ಯಾರೆಯವರಿಗೆ ಕೊಟ್ಟಾರ್ರಿ. ಒಂದ ಮಾತು ಮೊದ್ಲ ಹೇಳಿದ್ರ...”

ಬೋರ್ಡಿನ ಚಿಪ್‌ನಲ್ಲಿ ಇದ್ದದ್ದೊಂದೇ ಉಳಿದಿತ್ತು. ಆಫೀಸಿನ ಅಭ್ಯಾಸದಂತೆ ಅದಕ್ಕೂ ಅವನು ಯಾರೂ ಓದದಂತೆ ಬೀಗ ಹಾಕಿದ್ದ. ಹೊರಗೆ ತೆಗೆಯಲು ಬರುವುದಿಲ್ಲ. ಹೊಸದು ಹಾಕಬೇಕಾದರೆ ಅವನದು ಅಳಿಯಬೇಕು.

ಅಳಿಸಲಿಲ್ಲ. ನನ್ನ ಲ್ಯಾಪ್‌ಟಾಪನ್ನೇ ಸಿಕ್ಕಿಸಿಟ್ಟು ಮನೆಯಿಂದ ಕೆಲಸ ಮಾಡಿದೆ. ಕೊನೆಗೆ ಆಫೀಸಿನವರು ಬರಲೇಬೇಕು ಅಂದರು. ಲ್ಯಾಪ್‌ಟಾಪ್ ಒಯ್ದೆ.

ಸಂಜೆ ಬಂದಾಗ ಪಕ್ಕದ ಮನೆಯ ಗೋದಾ ಮೆಟ್ಟಿಲ ಮೇಲೆ ಕೂತಿದ್ದರು. ಮಡಿಲಲ್ಲಿ ಊಟದ ಡಬ್ಬಿ.

“ಎಷ್ಟ ಒತ್ತಿದೆನವಾ! ಬಾಗಲಾ ಬಡದು ಬಡದು ಕೈ ನೊಂದುವು. ಒಳಗ ಏನಾತೋ ಅಂತ ಜೀವ ಹಾರಿತ್ತು ನಂದು.”

ಕೀಲಿ ತೆಗೆದೆವು. ಅತ್ತೆ ದೀಪದ ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿದ್ದರು.

“ಇವತ್ತ ಯಾರೂ ಬರ್ಲಿಲ್ಲ ನೋಡು,” ಅಂದರು.

ಭಾನುವಾರ ಹೊಸ ಪ್ರೋಗ್ರಾಂ ಬರೆಯಲು ಕೂತೆ. ಬೋರ್ಡು ಸಿಕ್ಕಿಸಿದ ಕೂಡಲೇ ಕಂಪ್ಯೂಟರು ನೀನು ಯಾರು ಎಂದು ಕೇಳುತ್ತದೆ. ಸೀರಿಯಲ್ ಪೋರ್ಟು ಎಂದು ಸರಿಯಾಗಿ ಉತ್ತರಿಸದಿದ್ದರೆ ಮುಂದೆ ಮಾತಿಲ್ಲ. ಅದನ್ನು ಬರೆದೆ. ಆಚೆ ಯಾರೂ ಇಲ್ಲದಿದ್ದರೂ ದೀಪ ನಡೆಯುವಂತೆ ಬರೆದೆ. ಕಾಯುವ ಸಾಲು ಬರೆಯಲಿಲ್ಲ. ಎರಡು ಸಲ ಒತ್ತಿದರೆ ಎರಡು ಸಲ ಮಿನುಗುವುದನ್ನೂ ಬರೆದೆ. ಯಾಕೆಂದು ಗೊತ್ತಿಲ್ಲ.

ಬೀಗ ತೆಗೆಯುವ ಆಜ್ಞೆ ಕೊಟ್ಟೆ. ಅಳಿಯಲು ಹೊತ್ತೇ ಹಿಡಿಯಲಿಲ್ಲ. ಹೊಸದನ್ನು ಹಾಕಿ, ವೈರನ್ನು ಚಾರ್ಜರಿಗೆ ಸಿಕ್ಕಿಸಿದೆ.

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು.

“ಅವಂದು ಹೋತ?”

ಹೌದೆಂದು ತಲೆಯಾಡಿಸಿದೆ.

“ಎರಡ ಸಲದ್ದು?”

“ಇಟ್ಟೀನ್ರಿ,” ಅಂದೆ, ತುಟಿ ಕಾಣುವಂತೆ.

ಅವರು ದೀಪದ ಕಡೆ ತಿರುಗಿದರು.

“ಇರ್ಲಿ. ನೀ ಮಾತ್ರ ಒಂದ ಸಲ ಒತ್ತವಾ.”

ಹೊರಗೆ ಹೋಗಿ ಬಾಗಿಲು ಎಳೆದುಕೊಂಡೆ. ಒಂದು ಸಲ ಒತ್ತಿ, ಕೈ ಹಿಂದಕ್ಕೆ ತೆಗೆದುಕೊಂಡು, ಅವರು ಬಂದು ತೆರೆಯುವ ತನಕ ನಿಂತಿದ್ದೆ.