ಅತ್ತೆ ಒರೆಸಿದ ವಾಲ್ವುಗಳು

ಆ ಮನೆಯಲ್ಲಿ ಅತ್ತೆಗೂ ಅಳಿಯನಿಗೂ ಮಾತಿರಲಿಲ್ಲ. ಜಗಳವೂ ಇರಲಿಲ್ಲ ಅನ್ನಿ. ಜಗಳಕ್ಕಾದರೂ ಎರಡು ಮಾತು ಬೇಕಲ್ಲ! "ನಿಮ್ಮಮ್ಮನಿಗೆ ಫ್ಯಾನ್ ಬೇಕಾ ಕೇಳು" ಅಂತ ಅವನು ಹೆಂಡತಿಗೆ ಹೇಳಬೇಕು, "ಬೇಡ ಅಂತ ನಿನ್ನ ಗಂಡನಿಗೆ ಹೇಳು" ಅಂತ ಅತ್ತೆ ಮಗಳಿಗೆ ಹೇಳಬೇಕು. ಮೂವರೂ ಕೂತಿರುತ್ತಿದ್ದದ್ದು ಒಂದೇ ಕೋಣೆಯಲ್ಲಿ. ನಡುವೆ ಮಗಳೇ ಅಂಚೆ ಕಚೇರಿ.

ಇದಕ್ಕೆಲ್ಲ ಕಾರಣ ಅತ್ತೆಯ ನಾಲಿಗೆ. ಹುಡುಗ ಗಿಟಾರಿನವರ ಆಂಪ್ಲಿಫೈಯರ್ ರಿಪೇರಿ ಮಾಡುತ್ತಾನೆ ಅಂತ ಮದುವೆಗೆ ಮುಂಚೆ ತಿಳಿದಾಗ, "ಕೆಟ್ಟ ಪೆಟ್ಟಿಗೆ ಬಿಚ್ಚೋನಿಗೆ ಕೊಟ್ಟರೆ ನನ್ನ ಮಗಳ ಬಾಳೂ ಬಿಚ್ಚಿದ ಪೆಟ್ಟಿಗೆ ಆಗುತ್ತೆ" ಅಂದುಬಿಟ್ಟಿದ್ದಳು. ಹುಡುಗ ಬಾಗಿಲ ಆಚೆಯೇ ನಿಂತಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಗಾದೆಯೇ ಇದೆಯಲ್ಲ. ವರ್ಷಗಳು ಕಳೆದರೂ ಆ ಮಾತು ಇಬ್ಬರ ಮಧ್ಯೆ ಗೋಡೆಯಾಗಿ ನಿಂತಿತ್ತು.

ಈಗ ಅತ್ತೆಯ ಮೊಣಕಾಲು ಕೈಕೊಟ್ಟಿತ್ತು. ಮೆಟ್ಟಿಲು ಹತ್ತಲಾಗದೆ ಮೇಲಿನ ಮಹಡಿಯ ಬಾಡಿಗೆ ಮನೆ ಬಿಟ್ಟು, ಒಂದು ಚೀಲ ಹಿಡಿದು ಮಗಳ ಮನೆಗೆ ಬಂದಿದ್ದಳು. "ಸ್ವಲ್ಪ ದಿನ ಇರ್ಲಿ, ನೋಡೋಣ" ಅಂದಿದ್ದನಂತೆ ಅಳಿಯ. ಆ 'ನೋಡೋಣ' ಅವಳ ಎದೆಯಲ್ಲಿ ಮುಳ್ಳಿನಂತೆ ನಟ್ಟಿತ್ತು. ಏನು ನೋಡುತ್ತಾನೆ? ಯಾವತ್ತಿನವರೆಗೆ ನೋಡುತ್ತಾನೆ? ಇಲ್ಲಿಂದ ಹೊರಟರೆ ಹೋಗಲು ಬೇರೆ ಜಾಗವಿರಲಿಲ್ಲ. ಕೂತು ತಿನ್ನುವವಳು ಅನ್ನಿಸಿಕೊಳ್ಳಬಾರದು, ಏನಾದರೂ ಉಪಯೋಗಕ್ಕೆ ಬರಬೇಕು ಅಂತ ಅವಳ ಜೀವ ಚಡಪಡಿಸುತ್ತಿತ್ತು.

ಮುಂದಿನ ಕೋಣೆಯೇ ಅಳಿಯನ ವರ್ಕ್‌ಶಾಪ್. ಅವತ್ತು ಮೇಜಿನ ಮೇಲೆ ಒಂದು ದೊಡ್ಡ ಆಂಪ್ಲಿಫೈಯರ್ ಬೆನ್ನು ಬಿಚ್ಚಿಕೊಂಡು ಕೂತಿತ್ತು. ಅದರೊಳಗಿನ ಬಲ್ಬಿನಂಥ ಗಾಜಿನ ವಾಲ್ವುಗಳನ್ನೆಲ್ಲ ಕಿತ್ತು, ಮೊಟ್ಟೆ ಇಡುವ ರಟ್ಟಿನ ಟ್ರೇಯಲ್ಲಿ ತನ್ನ ಹಳೇ ವಾಲ್ವುಗಳ ಪಕ್ಕಕ್ಕೆ ಇಟ್ಟು, ಅವು ಕೂರುವ ಸಾಕೆಟ್ಟುಗಳನ್ನು ಅಳಿಯ ಉಜ್ಜುತ್ತಿದ್ದ. ಬೆಸುಗೆ ಹಾಕುವ ಸೋಲ್ಡರ್ ಮುಗಿಯಿತು ಅಂತ ಅಂಗಡಿಗೆ ಹೋದ. ಮಗಳು ಸ್ನಾನಕ್ಕೆ ಹೋದಳು. ಅತ್ತೆಯ ಕಣ್ಣು ಟ್ರೇ ಮೇಲೆ ಬಿತ್ತು.

ಅಯ್ಯೋ ದೇವರೇ, ಏನು ಕೊಳೆ! ಔಷಧಿ ಕಾರ್ಖಾನೆಯಲ್ಲಿ ಸೀಸೆ ತೊಳೆದೂ ತೊಳೆದೂ ಮುದುಕಿಯಾದವಳು ಅವಳು. ವಾಪಸ್ ಬಂದ ಸೀಸೆಯ ಮೇಲಿನ ಹಳೇ ಅಚ್ಚನ್ನು ಸ್ಪಿರಿಟ್ ಹಾಕಿ ತಿಕ್ಕಿ, ಗಾಜು ಇದೆಯೋ ಇಲ್ಲವೋ ಅನ್ನುವಂತೆ ಮಾಡುವುದರಲ್ಲಿ ಅವಳದು ಎತ್ತಿದ ಕೈ. ಇಲ್ಲಿ ನೋಡಿದರೆ ಧೂಳು, ಮಸಿ, ಬೆರಳಿನ ಗುರುತು, ಸಾಲದ್ದಕ್ಕೆ ಅರ್ಧಂಬರ್ಧ ಅಳಿಸಿದ ಬಿಳೀ ಗೀಚು. ಮೇಜಿನ ಮೇಲೇ ಸ್ಪಿರಿಟ್ ಇತ್ತು, ಹತ್ತಿಯೂ ಇತ್ತು. ಕೈ ಸುಮ್ಮನಿರುತ್ತದೆಯೇ? ಒಂದೂ ಬಿಡದೆ ಒರೆಸಿದಳು. ಒರೆಸಿ, ದಪ್ಪನೆಯವು ಒಂದು ಕಡೆ, ಸಣ್ಣವು ಒಂದು ಕಡೆ ಅಂತ ಚೆಂದವಾಗಿ ಜೋಡಿಸಿದಳು. ಕಿಟಕಿಯ ಬೆಳಕಿಗೆ ಟ್ರೇ ಪಳಪಳ ಹೊಳೆಯಿತು. 'ನೋಡೋಣ ಅಂದ್ಯಲ್ಲಪ್ಪ, ನೋಡೀಗ' ಅಂದುಕೊಂಡು ಕುರ್ಚಿಯಲ್ಲಿ ಕೂತಳು.

ಅಳಿಯ ಬಂದ. ನೋಡಿದ. ಒಂದು ವಾಲ್ವ್ ಎತ್ತಿ ತಿರುಗಿಸಿದ, ಇನ್ನೊಂದನ್ನು ಎತ್ತಿ ತಿರುಗಿಸಿದ. ಆಮೇಲೆ ಸ್ಟೂಲಿನ ಮೇಲೆ ಕುಸಿದು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

ಅತ್ತೆಗೆ ಏನೂ ತೋಚಲಿಲ್ಲ. ಒಡೆದಿದೆಯಾ? ಒಂದೂ ಒಡೆದಿಲ್ಲ. ಕಳೆದಿದೆಯಾ? ಎಲ್ಲ ಅಲ್ಲೇ ಇವೆ. ಶುಚಿ ಮಾಡಿದರೆ ತಲೆ ಹಿಡಿದುಕೊಳ್ಳುವವರನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಸ್ನಾನ ಮುಗಿಸಿ ಬಂದ ಹೆಂಡತಿಗೆ ಅಳಿಯ ಅಂದ: "ಇದರ ಮೇಲಿದ್ದ ನಂಬರು ಎಲ್ಲಿ ಅಂತ ನಿಮ್ಮಮ್ಮನ್ನ ಕೇಳು."

"ಅಮ್ಮಾ, ಇದರ ಮೇಲಿದ್ದ..."

"ಕೇಳಿಸ್ತು ಕಣೇ. ಆ ಬಿಳೀ ಗೀಚಾ? ಅದು ಕೊಳೆ ಅಲ್ವಾ?"

ಮಗಳ ಮುಖ ಇಂಗು ತಿಂದ ಮಂಗನ ಹಾಗಾಯಿತು. "ಅಮ್ಮಾ, ಅದೇ ಅವುಗಳ ಹೆಸರು! ನೋಡೋಕೆ ಒಂದೇ ಥರ ಇದ್ರೂ ಒಂದೊಂದರ ಕೆಲಸ ಒಂದೊಂದು. ಒಂದು ಸದ್ದನ್ನ ಜಾಸ್ತಿ ಎಬ್ಬಿಸುತ್ತೆ, ಇನ್ನೊಂದು ಕಮ್ಮಿ. ತಪ್ಪು ಜಾಗಕ್ಕೆ ಹಾಕಿದ್ರೆ ಸುಟ್ಟೂ ಹೋಗಬಹುದು."

"ಪರೀಕ್ಷೆ ಮಾಡೋ ಮಿಷನ್ನು ಇದೆಯಲ್ಲ?"

"ಅದಕ್ಕೂ ಮೊದಲು ನಂಬರು ಹೇಳಬೇಕಮ್ಮ."

ಇದೊಳ್ಳೆ ಕಥೆಯಾಯಿತಲ್ಲ! ಯಾರು ಅಂತ ಹೇಳಿದ ಮೇಲೆ ಯಾರು ಅಂತ ಕಂಡುಹಿಡಿಯುವ ಮಿಷನ್ನು ಯಾತಕ್ಕೆ? ಅತ್ತೆಗೆ ತಲೆಬುಡ ತಿಳಿಯಲಿಲ್ಲ.

ಸಂಜೆ ಗಿಟಾರಿನವನು ಪೆಟ್ಟಿಗೆ ಒಯ್ಯಲು ಬರುವವನಿದ್ದ. ಅವನ ಕಾರ್ಯಕ್ರಮ ಅವತ್ತೇ. ದಪ್ಪನೆಯವು ಇದ್ದದ್ದೇ ಒಂದು ಜೋಡಿ, ಅವುಗಳ ಗುರುತು ಸಿಕ್ಕಿತು. ಸಣ್ಣವುಗಳ ಒಳಗಿನ ತಗಡನ್ನು ಭೂತಗನ್ನಡಿಯಲ್ಲಿ ನೋಡಿ ಅಳಿಯ ಕೆಲವನ್ನು ಬೇರೆ ಮಾಡಿದ. ಉಳಿದವು ಒಂದೇ ತಾಯಿಯ ಮಕ್ಕಳ ಹಾಗಿದ್ದವು. ಒಂದನ್ನು ಹಾಕಿ ಸ್ವಿಚ್ ಒತ್ತಿದ, ಕುಂಯ್ ಅಂತ ಕಿರುಚಿತು. ಇನ್ನೊಂದು ಹಾಕಿದ, ಗಂಟಲು ಕಟ್ಟಿದ ಹಾಗೆ ಸಣ್ಣ ಸದ್ದು. ಮತ್ತೊಂದು ಹೊತ್ತಿಕೊಳ್ಳಲೇ ಇಲ್ಲ. ಅತ್ತೆಗೆ ಗೊಂದಲ ಇನ್ನೂ ಹೆಚ್ಚಿತು. ಕಿರುಚಿದ್ದು ತಪ್ಪೋ? ಗಿಟಾರಿನವರು ಬಂದಾಗಲೂ ಪೆಟ್ಟಿಗೆ ಕಿರುಚುತ್ತದೆ, ಆಗ ಎಲ್ಲರೂ ಖುಷಿಯಿಂದ ತಲೆಯಾಡಿಸುತ್ತಾರಲ್ಲ?

ಅಳಿಯ ಬೈಯಲಿಲ್ಲ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಬೈದಿದ್ದರೆ ತಿರುಗಿಸಿ ಎರಡು ಮಾತು ಅಂದು ಹಗುರಾಗಬಹುದಿತ್ತು. ಅವನ 'ನೋಡೋಣ' ಇವತ್ತಿಗೆ ಮುಗಿಯಿತು ಅಂತ ತಾನೇ ತೀರ್ಮಾನಿಸಿ, ಒಳಗೆ ಹೋಗಿ ಬಟ್ಟೆ ತುಂಬಿ, ಚೀಲವನ್ನು ಬಾಗಿಲ ಬಳಿ ತಂದಿಟ್ಟಳು. ಎಲ್ಲಿಗೆ ಅಂತ ಅವಳಿಗೂ ಗೊತ್ತಿರಲಿಲ್ಲ.

"ಏನಮ್ಮಾ ಇದು!" ಮಗಳ ಕಣ್ಣಲ್ಲಿ ನೀರು ಬಂತು.

"ಕೆಲಸ ಕೆಡಿಸಿದೆ ಅನ್ನಲಿ, ಒಪ್ಕೋತೀನಿ. ಕೊಳಕಾಗಿ ಮಾಡಿದೆ ಅನ್ನೋ ಹಾಗಿಲ್ಲ" ಅನ್ನುತ್ತ ಅತ್ತೆ ಟ್ರೇಯಿಂದ ಒಂದು ಸಣ್ಣ ವಾಲ್ವ್ ಎತ್ತಿದಳು. ಕಾರ್ಖಾನೆಯ ಮೇಸ್ತ್ರಿ ಮಾಡುತ್ತಿದ್ದ ಹಾಗೆ ಬಾಯಿಯ ಹತ್ತಿರ ಹಿಡಿದು, ಹಾ ಅಂತ ಉಸಿರು ಬಿಟ್ಟಳು. ಶುಚಿಯಾದ ಗಾಜಾದರೆ ಮಂಜು ಒಂದೇ ಸಮ ಕೂರಬೇಕು. ಹಳೇ ಅಚ್ಚಿನ ನೆರಳು ಕಂಡರೆ ಸೀಸೆ ವಾಪಸ್, ತೊಳೆದವಳಿಗೆ ಎಲ್ಲರೆದುರು ಮಂಗಳಾರತಿ.

ಮಂಜಿನ ನಡುವೆ ಅಕ್ಷರ ಮೂಡಿತು. ಥೂ, ಇದನ್ನೂ ನೆಟ್ಟಗೆ ಮಾಡಲಿಲ್ಲವೇ! ಇಷ್ಟು ವರ್ಷ ಪಳಗಿದ ಕೈ ಇವತ್ತೇ ಮರ್ಯಾದೆ ಕಳೆಯಬೇಕೇ? ಯಾರೂ ನೋಡುವ ಮೊದಲು ಇನ್ನೊಮ್ಮೆ ತಿಕ್ಕಿಬಿಡೋಣ ಅಂತ ಹತ್ತಿಗೆ ಕೈ ಹಾಕಿದಳು.

"ಅತ್ತೆ! ಒರೆಸಬೇಡಿ!"

ಅಳಿಯ ಸ್ಟೂಲ್ ಬೀಳಿಸಿಕೊಂಡು ಎದ್ದು ಬಂದಿದ್ದ. ಮಗಳು ಬಾಯಿ ತೆರೆದುಕೊಂಡು ನಿಂತಳು. ಅಷ್ಟರಲ್ಲಿ ಮಂಜು ಆರಿ ಅಕ್ಷರ ಮಾಯವಾಯಿತು.

ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಅವನು ಹೆಂಡತಿಯ ಕಡೆ ತಿರುಗಿದ. "ನಿಮ್ಮಮ್ಮನಿಗೆ ಇನ್ನೊಂದ್ಸಲ ಊದೋಕೆ ಹೇಳು."

"ಅಮ್ಮಾ, ಊದಬೇಕಂತೆ."

ಊದಿದಳು.

"ಸ್ವಲ್ಪ ಈ ಕಡೆ ತಿರುಗಿಸೋಕೆ ಹೇಳು."

"ಅಮ್ಮಾ, ಸ್ವಲ್ಪ ಈ ಕಡೆ..." ಅನ್ನುವಷ್ಟರಲ್ಲಿ ಮಂಜು ಹೋಗಿತ್ತು. ಮತ್ತೆ ಊದಿದಳು, ಮತ್ತೆ ಹೋಯಿತು. ಉಸಿರಿನ ಮಂಜು ಅಂಚೆ ಬರುವವರೆಗೆ ಕಾಯುತ್ತದೆಯೇ?

"ಹಾಗಲ್ಲ ಅತ್ತೆ, ಬೆಳಕಿಗೆ ಹಿಡೀರಿ. ತಿರುಗಿಸಿ. ಇನ್ನೂ... ಹಾಂ, ನಿಲ್ಲಿಸಿ!"

"ಯಾಕಪ್ಪಾ, ಇದು ಕೊಳೆ ಉಳಿದಿರೋದು. ನಾನೇ ಸರಿಯಾಗಿ ತಿಕ್ಕಲಿಲ್ಲ," ಅಂದಳು ಅತ್ತೆ. ಅವಳಿಗೆ ಇನ್ನೂ ಅರ್ಥವಾಗಿರಲಿಲ್ಲ.

"ತಿಕ್ಕದೇ ಇದ್ದದ್ದೇ ಒಳ್ಳೇದಾಯ್ತು. ಇದೇ ನಂಬರು. ಊದಿ ಅತ್ತೆ, ಊದಿ!"

ಅವಳು ಊದುವುದು, ಅವನು ಓದುವುದು, ಮಗಳು ಚೀಟಿ ಬರೆದು ಅಂಟಿಸುವುದು. ಅತ್ತೆಯ ಹಣೆ ಅಳಿಯನ ಹಣೆಗೆ ತಾಗುವಷ್ಟು ಹತ್ತಿರವಿತ್ತು. ಅವನ ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿದ್ದನ್ನು ಅವಳು ಕಂಡದ್ದು ಆಗಲೇ. ಒಂದು ವಾಲ್ವ್ ಮಾತ್ರ ಎಷ್ಟು ಊದಿದರೂ ಗುಟ್ಟು ಬಿಡಲಿಲ್ಲ.

"ಇದನ್ನಂತೂ ಚೆನ್ನಾಗೇ ಒರೆಸಿದ್ದೀರ," ಅಂದ ಅಳಿಯ. ಅದು ಹೊಗಳಿಕೆಯೋ ಬೈಗುಳವೋ ಅವಳಿಗೆ ತಿಳಿಯಲಿಲ್ಲ. ಹೊಗಳಿಕೆ ಅಂತಲೇ ಇಟ್ಟುಕೊಂಡಳು.

ಸಂಜೆ ಗಿಟಾರಿನವನು ಬಂದು ತಂತಿ ಮೀಟಿದ. ಕಿಟಕಿಯ ಗಾಜು ನಡುಗಿತು, ಅತ್ತೆ ಮಗಳ ಕಡೆ ತಿರುಗಿದಳು. "ಇದು ಸರಿಹೋದ ಸದ್ದೋ, ಕೆಟ್ಟ ಸದ್ದೋ, ನಿನ್ನ ಗಂಡನ್ನ ಕೇಳೇ!"

"ಅಂಚೆ ಕಚೇರಿ ಮುಚ್ಚಿದೆ. ನೀನೇ ಕೇಳ್ಕೋ" ಅಂತ ಮಗಳು ಒಳಗೆ ನಡೆದಳು.

"ಸರಿಹೋದ ಸದ್ದು ಅತ್ತೆ," ಅಂದ ಅಳಿಯ.

ಗಿಟಾರಿನವನು ಪೆಟ್ಟಿಗೆ ಹೊತ್ತುಕೊಂಡು ಹೋದ ಮೇಲೆ ಕೋಣೆಯಲ್ಲಿ ಇಬ್ಬರೇ ಉಳಿದರು. ಬಾಗಿಲ ಬಳಿ ಚೀಲ ಇಟ್ಟಲ್ಲೇ ಇತ್ತು. ಅತ್ತೆ ಕೈಯಲ್ಲಿದ್ದ ಹತ್ತಿಯನ್ನು ಉಂಡೆ ಮಾಡುತ್ತ, "ಮದುವೆಗೆ ಮುಂಚೆ ನಾನೊಂದು ಮಾತು ಆಡಿದ್ದೆ. ಬಿಚ್ಚಿದ ಪೆಟ್ಟಿಗೆ ಅಂತ. ಅದನ್ನ..." ಅಂದಳು.

ಅಳಿಯ ವಾಲ್ವುಗಳನ್ನು ಟ್ರೇಯಲ್ಲಿ ಕೂರಿಸುತ್ತಿದ್ದ. ತಲೆ ಎತ್ತಲಿಲ್ಲ.

"ಅದು ಒರೆಸಿದ್ರೆ ಹೋಗಲ್ಲ ಅತ್ತೆ."

ಅವಳ ಕೈ ನಿಂತಿತು.

"ಊದಿದ್ರೆ ಕಾಣುತ್ತೆ, ಅಷ್ಟೇ. ಊದೋದು ಬೇಡ ಬಿಡಿ," ಅಂದ. ಆಮೇಲೆ ಚೀಲವನ್ನೆತ್ತಿಕೊಂಡು ಹೋಗಿ ಅವಳ ಮಂಚದ ಕೆಳಗಿಟ್ಟು ಬಂದ.