ಅಕ್ಕನ ಕುಂಬಳ, ನನ್ನ ಕತ್ತರಿ

ಕೈಯಲ್ಲಿ ಕತ್ತರಿ ಇಲ್ಲದಿದ್ದರೆ ನನಗೆ ಕೈಯೇ ಇಲ್ಲದ ಹಾಗೆ. ಮನೆಯ ಕೆಳಗಿನ ಸಲೂನಿನಲ್ಲಿ ಮೂವತ್ತೊಂದು ವರ್ಷದಿಂದ ನಿಂತಿದ್ದೇನೆ. ಗಿರಾಕಿಯ ಕಿವಿಯ ಪಕ್ಕ ಒಂದೇ ಒಂದು ಕೂದಲು ಹೊರಗೆ ಇಣುಕಿದರೂ ನನಗೆ ಆ ದಿನ ಊಟ ರುಚಿಸುವುದಿಲ್ಲ. ಈ ಚಟ ಎಂಥ ಅನಾಹುತ ಮಾಡಬಲ್ಲದು ಎಂದು ತಿಳಿಯುವಷ್ಟರಲ್ಲಿ ನನಗೆ ಐವತ್ತಾರಾಗಿತ್ತು.

ಬೇರೆ ಸಲೂನುಗಳಲ್ಲಿ ಚುನಾವಣೆಯ ಮಾತು ನಡೆಯುತ್ತದಂತೆ. ನಮ್ಮಲ್ಲಿ ಗಿಡಗಳದ್ದೇ ಮಾತು. ಈ ಬೀದಿಯ ಯಾವ ಮನೆಗೂ ಅಂಗಳವಿಲ್ಲ, ಅದಕ್ಕೇ ಎಲ್ಲರಿಗೂ ತೋಟದ ಹುಚ್ಚು. ಗಣಿತದ ಮೇಷ್ಟ್ರ ಮಹಡಿಯಲ್ಲಿ ಹನ್ನೆರಡು ಕುಂಡ ಟೊಮೆಟೊ. ಕುಂಡಕ್ಕೊಂದು ನಂಬರು, ಬೆಳಿಗ್ಗೆ ಎದ್ದು ಹಾಜರಿ ತೆಗೆದುಕೊಳ್ಳುತ್ತಾರೆ. ಎದುರು ಮನೆಯ ಬಸ್ ಕಂಡಕ್ಟರ್ ಒಡೆದ ಸಿಂಕಿನಲ್ಲಿ ಪುದೀನ ಬೆಳೆದು ಬಂದವರಿಗೆಲ್ಲ ಟಿಕೆಟ್ ಹರಿದ ಹಾಗೆ ಕಿತ್ತು ಕೊಡುತ್ತಾನೆ. ಬೇಸಿಗೆಯಲ್ಲಿ ನನ್ನ ಕುರ್ಚಿಯಲ್ಲಿ ಕೂತವರು ಮೆಣಸಿನ ಗಿಡದ ಎಲೆ ಮುರುಟಿತೆಂದು ಗೋಳಾಡುತ್ತಾರೆ. ಮಳೆಗಾಲದಲ್ಲಿ ಬಸವನಹುಳುವಿಗೆ ಹಿಡಿಶಾಪ. ಚಳಿ ಶುರುವಾದರೆ ಮುಗಿಯಿತು, ಪಾಲಕ್, ಚೆಂಡುಹೂವು, ಮೂಲಂಗಿ ಎಂದು ಒಬ್ಬರಿಗಿಂತ ಒಬ್ಬರು ಬೀಗುತ್ತಾರೆ. ನಾನು ಹೂಂಗುಟ್ಟುತ್ತ ಕತ್ತರಿ ಆಡಿಸುತ್ತಿದ್ದೆ. ನಮ್ಮ ಮಹಡಿಯಲ್ಲಿ ಬಟ್ಟೆ ಒಣಗಿಸುವ ಹಗ್ಗ ಬಿಟ್ಟರೆ ಏನೂ ಇರಲಿಲ್ಲ.

ಹೋದ ವರ್ಷ ಅಕ್ಕನಿಗೆ ಪಾರ್ಶ್ವವಾಯು ಹೊಡೆಯಿತು. ನನ್ನನ್ನು ಎತ್ತಿ ಆಡಿಸಿದ ಅಕ್ಕ. ಜೀವಮಾನವೆಲ್ಲ ಇಸ್ತ್ರಿ ಅಂಗಡಿಯಲ್ಲಿ ದುಡಿದು, ಒಂದು ಕೋಣೆಯ ಮನೆಯಲ್ಲಿ ಒಂಟಿಯಾಗಿ, ಯಾರ ಹಂಗೂ ಇಲ್ಲದೆ ಇದ್ದವಳು. ಬಲಗೈ ಬಲಗಾಲು ಹೋದವು. ಮಾತೂ ಹೋಯಿತು, ಒಂದು ಮಾತು ಬಿಟ್ಟು. ಆ ಒಂದು ಮಾತು ‘ಇಲ್ಲ’. ಟೀ ಬೇಕಾ ಎಂದರೆ ಇಲ್ಲ ಎನ್ನುತ್ತಾಳೆ, ಲೋಟ ಖಾಲಿ ಮಾಡುತ್ತಾಳೆ. ನಿದ್ದೆ ಬಂತಾ ಎಂದರೆ ಇಲ್ಲ ಎಂದು ಗೊರಕೆ ಹೊಡೆಯುತ್ತಾಳೆ. ಹಾಗಾಗಿ ಅವಳ ‘ಇಲ್ಲ’ಕ್ಕೆ ನಮ್ಮ ಮನೆಯಲ್ಲಿ ಬೆಲೆಯೇ ಇಲ್ಲವಾಯಿತು.

ಅವಳ ಕೋಣೆಯ ಹಿಂದೆ ಒಂದು ಮಂಚದಷ್ಟು ಮಣ್ಣಿತ್ತು. ಅಲ್ಲಿ ನಲವತ್ತು ವರ್ಷ ಒಂದೇ ತಳಿಯ ಸಿಹಿಗುಂಬಳ ಬೆಳೆದಳು. ಬೂದು ಸಿಪ್ಪೆ, ಆಳವಾದ ಗೀರುಗಳು, ಒಳಗೆ ಕೆಂಡದ ಬಣ್ಣ. ಅಂಥದ್ದನ್ನು ನಾನು ಯಾವ ಮಾರುಕಟ್ಟೆಯಲ್ಲೂ ಕಂಡಿಲ್ಲ. ಪ್ರತಿ ವರ್ಷ ಅತ್ಯುತ್ತಮ ಕಾಯಿಯ ಬೀಜ ಎತ್ತಿಡುತ್ತಿದ್ದಳು. ಅವಳು ಹಂಚಿದ ಹಣ್ಣನ್ನು ನಾವೆಲ್ಲ ಚಪ್ಪರಿಸಿಕೊಂಡು ತಿಂದು ಬೀಜ ಬಿಸಾಡಿದೆವು. ಅವಳು ಆಸ್ಪತ್ರೆಯಲ್ಲಿದ್ದಾಗ ಬಾಡಿಗೆ ಮನೆಯ ಮಾಲೀಕ ಬಳ್ಳಿ ಕೀಳಿಸಿದ್ದ. ನಾವು ಸಾಮಾನು ತರಲು ಹೋದಾಗ ಬೀಜದ ಪೊಟ್ಟಣವನ್ನು ಇಲಿ ಮುಗಿಸಿತ್ತು. ಗುಂಡಿಗಳ ಡಬ್ಬಿಯಲ್ಲಿ ಬಿದ್ದಿದ್ದ ನಾಲ್ಕು ಬೀಜ ಮಾತ್ರ ಉಳಿದಿದ್ದವು. ಅಕ್ಕ ಎಡಗೈಯಲ್ಲಿ ಆ ಡಬ್ಬಿ ಹಿಡಿದುಕೊಂಡೇ ನಮ್ಮ ಮನೆಯ ಹೊಸ್ತಿಲು ದಾಟಿದಳು.

“ನಾನು ಬೆಳೆಸ್ತೀನಿ ಬಿಡಕ್ಕ” ಎಂದೆ.

“ಇಲ್ಲ” ಎಂದಳು. ನಾನು ಅದನ್ನು ಹೂಂ ಎಂದೇ ತಿಳಿದೆ.

ಮೊದಲ ಮಳೆಗೆ ದೊಡ್ಡ ಡ್ರಮ್ಮಿನಲ್ಲಿ ನಾಲ್ಕೂ ಬಿತ್ತಿದೆ. ಎರಡು ಏಳಲೇ ಇಲ್ಲ. ಒಂದನ್ನು ಬಸವನಹುಳು ತಿಂದಿತು. ನಾಲ್ಕನೆಯದು ಬೀಜದ ಸಿಪ್ಪೆಯನ್ನೇ ಟೋಪಿ ಮಾಡಿಕೊಂಡು ಮಣ್ಣಿನಿಂದ ಎದ್ದಿತು. ಬೆರಳಿನ ಉಗುರಿನಷ್ಟು ಬೀಜ, ಅದರೊಳಗೆ ಈ ಎಲೆಗಳೆಲ್ಲ ಎಲ್ಲಿ ಮಡಚಿಕೊಂಡು ಕೂತಿದ್ದವು! ಆರು ವಾರದಲ್ಲಿ ಬಳ್ಳಿ ಅರ್ಧ ಮಹಡಿ ಆಕ್ರಮಿಸಿತು. ಕುಡಿಬಳ್ಳಿಯೊಂದು ಬೆಳಿಗ್ಗೆ ಗಾಳಿಯಲ್ಲಿ ತಡಕಾಡುತ್ತಿದ್ದರೆ ಸಂಜೆಗೆ ಬಟ್ಟೆಯ ಹಗ್ಗವನ್ನು ಸುತ್ತಿರುತ್ತಿತ್ತು. ಹಗ್ಗ ಅಲ್ಲಿದೆ ಎಂದು ಅದಕ್ಕೆ ಹೇಳಿದವರು ಯಾರು? ನಾನು ಬೆಪ್ಪನಂತೆ ನೋಡುತ್ತ ನಿಲ್ಲುತ್ತಿದ್ದೆ, ಕೆಳಗೆ ಗಿರಾಕಿಗಳು ಕೂಗುತ್ತಿದ್ದರು.

ಆಮೇಲೆ ಹೂವು ಬಂತು. ನಾನು ಹತ್ತಿರದಿಂದ ನೋಡಿದೆ. ಕೆಲವು ಹೂವಿನ ಬುಡದಲ್ಲಿ ಗೋಲಿಯಷ್ಟು ಪುಟಾಣಿ ಕುಂಬಳ ಆಗಲೇ ಕೂತಿತ್ತು. ಉಳಿದವು ಬರೀ ಉದ್ದ ತೊಟ್ಟಿನ ಹೂವು, ಬುಡದಲ್ಲಿ ಏನೂ ಇಲ್ಲ; ಲೆಕ್ಕದಲ್ಲೂ ಅವೇ ಜಾಸ್ತಿ. ಇವು ಸುಮ್ಮನೆ ಬಳ್ಳಿಯ ಸಾರ ಹೀರುವ ದಂಡಪಿಂಡಗಳು ಎಂದು ತೀರ್ಮಾನಿಸಿದೆ. ದಿನಾ ಬೆಳಿಗ್ಗೆ ಸೂರ್ಯ ಮೇಲೇರುವ ಮೊದಲು ಹೋಗಿ ಅವನ್ನೆಲ್ಲ ಕತ್ತರಿಸಿ, ಗೊಬ್ಬರಕ್ಕೆಂದು ಅಲ್ಲೇ ಇಟ್ಟಿದ್ದ ಸಿಪ್ಪೆಯ ಬಕೆಟ್ಟಿಗೆ ಹಾಕಿ ಬರುತ್ತಿದ್ದೆ. ಬಳ್ಳಿ ಹೊಸದಾಗಿ ಕಟಿಂಗ್ ಮಾಡಿಸಿಕೊಂಡವರ ತಲೆಯಂತೆ ನೀಟಾಗಿ ಕಾಣುತ್ತಿತ್ತು.

ಮೊದಲ ಪುಟಾಣಿ ಕಾಯಿ ನಾಲ್ಕು ದಿನಕ್ಕೆ ಹಳದಿಯಾಗಿ ಉದುರಿತು. ಎರಡನೆಯದೂ ಹಾಗೇ. ಗಿರಾಕಿಗಳನ್ನು ಕೇಳಿದೆ. ಒಬ್ಬರು ಮೊಟ್ಟೆಯ ಚಿಪ್ಪು ಹಾಕು ಎಂದರು, ಒಬ್ಬರು ಟೀ ಪುಡಿ ಎಂದರು, ಮೇಷ್ಟ್ರು ನೀರು ಅಳೆದು ಹಾಕು ಎಂದರು. ಎಲ್ಲ ಮಾಡಿದೆ. ಕತ್ತರಿಯ ಸುದ್ದಿ ಮಾತ್ರ ಯಾರಿಗೂ ಹೇಳಲಿಲ್ಲ. ಅದು ಹೇಳುವಂಥ ವಿಷಯ ಎಂದೇ ಅನ್ನಿಸಿರಲಿಲ್ಲ. ಅಕ್ಕನಿಗೊಬ್ಬಳಿಗೆ ಹೇಳಿದ್ದೆ, ಅದೂ ಜಂಬದಿಂದ.

“ಕಾಯಿ ಇಲ್ದಿರೋ ಹೂವೆಲ್ಲ ಕತ್ತರಿಸಿ ಹಾಕಿದ್ದೀನಿ ಕಣಕ್ಕ, ಬಳ್ಳಿಗೆ ಭಾರ ಕಮ್ಮಿ.”

“ಇಲ್ಲ! ಇಲ್ಲ! ಇಲ್ಲ!” ಅವಳು ಎಡಗೈಯಲ್ಲಿ ಮಂಚ ಬಡಿದಳು.

“ಅತ್ತಿಗೆಗೆ ಹಸಿವಾಗಿರ್ಬೇಕು ರೀ” ಎಂದಳು ನನ್ನ ಹೆಂಡತಿ. ತಟ್ಟೆ ಬಂತು. ಅಕ್ಕ ತಟ್ಟೆಯನ್ನು ಗೋಡೆಗೆ ಎಸೆದಳು. ಕಾಯಿಲೆಯವರಿಗೆ ಸಿಟ್ಟು ಸಹಜ ಎಂದು ನಾವು ಗೋಡೆ ಒರೆಸಿದೆವು.

ಐದು ಕಾಯಿ ಉದುರಿದವು. ಮಳೆ ಮುಗಿಯುತ್ತ ಬಂತು, ಬುಡದ ಎಲೆಗಳಿಗೆ ಬಿಳಿ ಬೂದಿರೋಗ ಹತ್ತಿತು, ಬಳ್ಳಿ ಒಣಗತೊಡಗಿತು. ತುದಿಯಲ್ಲಿ ಕಾಯಿ ಇರುವ ಒಂದೇ ಒಂದು ಮೊಗ್ಗು ಉಳಿದಿತ್ತು. ಸಂಜೆ ಅಕ್ಕನ ಪಕ್ಕ ಕೂತು ಹೇಳಿದೆ, “ನಾಳೆ ಅರಳತ್ತೆ. ಇದೂ ಹೋದ್ರೆ ಮುಗೀತು ಅಕ್ಕ. ಇನ್ನು ಬೀಜ ಇಲ್ಲ.” ಅವಳು ಚಾವಣಿ ನೋಡುತ್ತ ಮಲಗಿದಳು.

ಬೆಳಿಗ್ಗೆ ಮಾಮೂಲಿನಂತೆ ಮೂರು ದಂಡಪಿಂಡಗಳನ್ನು ಕತ್ತರಿಸಿ ಬಕೆಟ್ಟಿಗೆ ಹಾಕಿ ಅಂಗಡಿ ತೆರೆದೆ. ಕಂಡಕ್ಟರನ ಒಂದು ಕೆನ್ನೆ ಬೋಳಿಸಿ ಇನ್ನೊಂದಕ್ಕೆ ನೊರೆ ಹಚ್ಚಿದ್ದೆ. ಮೇಷ್ಟ್ರು ಪೇಪರ್ ಓದುತ್ತಿದ್ದರು. ಮೇಲಿನಿಂದ ಹೆಂಡತಿ ಕಿರುಚಿದಳು. ಮೂವರೂ ಓಡಿದೆವು.

ಅಕ್ಕ ಮಹಡಿಯ ಮೆಟ್ಟಿಲ ಮೇಲಿದ್ದಳು. ಹಿಮ್ಮುಖವಾಗಿ ಕೂತು, ಎಡಗೈ ಎಡಗಾಲು ಊರಿ, ಒಂದೊಂದೇ ಮೆಟ್ಟಿಲು ಮೈ ಎತ್ತಿಕೊಂಡು ಏಳನೆಯದಕ್ಕೆ ಬಂದಿದ್ದಳು. ಮೊಣಕೈ ತರಚಿ ರಕ್ತ ಬರುತ್ತಿತ್ತು.

“ಏನಕ್ಕ ಇದು, ನಿಂಗೇನು ತಲೆಗಿಲೆ ಕೆಟ್ಟಿದೆಯಾ? ಕೆಳಗೆ ನಡಿ!”

“ಇಲ್ಲ.”

ಆ ‘ಇಲ್ಲ’ ಬೇರೆಯೇ ಇತ್ತು. ಚಿಕ್ಕಂದಿನಲ್ಲಿ ನಾನು ಬಾವಿಗೆ ಇಣುಕಲು ಹೋದಾಗ ಹಿಂದಿನಿಂದ ಕೇಳಿಸುತ್ತಿದ್ದ ದನಿ ಅದು. ಹೆಂಡತಿ ಮೆಲ್ಲಗೆ ಹೇಳಿದಳು, “ಅವ್ರು ಬಳ್ಳಿ ನೋಡ್ಬೇಕಂತಿದ್ದಾರೆ ರೀ. ಕರ್ಕೊಂಡು ಹೋಗಿ.”

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾನೊಂದು ಕಡೆ, ಅರ್ಧ ಮುಖಕ್ಕೆ ನೊರೆ ಮೆತ್ತಿದ್ದ ಕಂಡಕ್ಟರ್ ಒಂದು ಕಡೆ ಹಿಡಿದು ಹೊತ್ತೆವು. “ಹೋಗ್ಲಿ, ರೈಟ್ ರೈಟ್” ಎಂದ ಅವನು, ಅಭ್ಯಾಸಬಲದಿಂದ.

ಕೊನೆಯ ಹೂವು ಅರಳಿ ನಿಂತಿತ್ತು. ಅಕ್ಕ ಅದನ್ನು ನೋಡಿದಳು, ಬೋಳಾದ ಬಳ್ಳಿ ನೋಡಿದಳು, ಬಕೆಟ್ ನೋಡಿದಳು. ಬಾಗಿ ಬಕೆಟ್ ಉರುಳಿಸಿದಳು. ಈರುಳ್ಳಿ ಸಿಪ್ಪೆ, ಟೀ ಚರಟದ ನಡುವೆ ಕೈಯಾಡಿಸಿ ನಾನು ಬೆಳಿಗ್ಗೆ ಕತ್ತರಿಸಿದ ಒಂದು ಹೂವನ್ನು ಎತ್ತಿಕೊಂಡಳು. ಅದನ್ನು ಊದಿದಳು. ತೊಟ್ಟನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಎಡಗೈಯಿಂದ ಎಸಳು ಹರಿದಳು. ಹಳದಿ ಪುಡಿ ಮೆತ್ತಿದ ಒಂದು ಕಡ್ಡಿ ಉಳಿಯಿತು. ಆ ಕಡ್ಡಿಯನ್ನು ಅರಳಿದ ಹೂವಿನ ಎದೆಗೆ ತಾಗಿಸಿ ಸುತ್ತಲೂ ಸವರಿದಳು. ಗಾಯವಿರುವ ಕೆನ್ನೆಗೆ ನಾನು ಬ್ರಷ್ ತಾಗಿಸುತ್ತೇನಲ್ಲ, ಅಷ್ಟು ಹಗುರವಾಗಿ. ಅವಳ ಕೈ ಸ್ವಲ್ಪವೂ ನಡುಗಲಿಲ್ಲ.

ಮೇಷ್ಟ್ರು ನನ್ನತ್ತ ತಿರುಗಿದರು. “ಅಲ್ಲಯ್ಯಾ, ಗಂಡು ಹೂವೆಲ್ಲ ನೀನೇ ಕತ್ತರಿಸ್ತಿದ್ಯಾ? ಹಿಂದೆ ಕಾಯಿ ಇಲ್ಲದ್ದೇ ಗಂಡು. ಅದರ ಪುಡಿ ಸೇರದೆ ಕಾಯಿ ಹೇಗೆ ನಿಲ್ಲುತ್ತೆ?”

ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಕಾಯಿಯ ಹೂವು ಅರಳಿದಾಗಲೆಲ್ಲ ಜೇನುಹುಳುಗಳು ಬಂದು ಅದರೊಳಗೆ ತೆವಳುವುದನ್ನು ನೋಡಿ ಖುಷಿಪಟ್ಟಿದ್ದೆ. ಪಾಪ, ಅವು ಬರಿಗೈಯಲ್ಲಿ ಬಂದು ಬರಿಗೈಯಲ್ಲಿ ಹೋಗುತ್ತಿದ್ದವು, ನನ್ನ ದೆಸೆಯಿಂದ. ಅಕ್ಕ ಎಡಗೈ ಚಾಚಿದಳು. ನಾನು ಜೇಬಿನಿಂದ ಕತ್ತರಿ ತೆಗೆದು ಕೊಟ್ಟೆ. ಅವಳು ಅದನ್ನು ತೊಡೆಯ ಕೆಳಗಿಟ್ಟು ಅದರ ಮೇಲೆ ಕೂತಳು. ಕಂಡಕ್ಟರನ ಇನ್ನೊಂದು ಕೆನ್ನೆಯ ನೊರೆ ಅಷ್ಟು ಹೊತ್ತಿಗೆ ಒಣಗಿ ಬಿರಿದಿತ್ತು.

ಹತ್ತು ಗಂಟೆಗೆ ಹೂವು ಮುಚ್ಚಿಕೊಂಡಿತು. ಮೂರನೆಯ ದಿನ ಕಾಯಿ ಹಸಿರಾಗೇ ಇತ್ತು. ನಾಲ್ಕನೆಯ ದಿನ ನನಗೆ ಮುಟ್ಟಲು ಧೈರ್ಯ ಬರಲಿಲ್ಲ. ಐದನೆಯ ದಿನ ಅದು ಗೋಲಿಯಾಗಿರಲಿಲ್ಲ, ನಿಂಬೆಯಾಗಿತ್ತು. ಹನ್ನೆರಡನೆಯ ದಿನ ನನ್ನ ಎರಡು ಮುಷ್ಟಿಗೂ ದೊಡ್ಡದು. ಸಿಪ್ಪೆ ರಾಶಿಯಿಂದ ಎತ್ತಿದ ಚಿಟಿಕೆ ಪುಡಿ! ಕತ್ತರಿಸಿ ಎಸೆದ ಮೇಲೂ ಅದರಲ್ಲಿ ಜೀವ ಕಾದು ಕೂತಿತ್ತಲ್ಲ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ದಿನಾ ಅಕ್ಕನನ್ನು ಮೇಲೆ ಹೊತ್ತೆವು. ಹೊಸ ಗಂಡು ಹೂವುಗಳಿಗೆ ನಾನು ಕೈ ಹಚ್ಚಲಿಲ್ಲ. ಒಂದು ಜೇನುಹುಳು ಹಿಟ್ಟಿನ ಮೂಟೆಯಲ್ಲಿ ಬಿದ್ದೆದ್ದಂತೆ ಹಳದಿಯಾಗಿ ಹೊರಬಂದಾಗ ಕೈ ಮುಗಿಯುವ ಹಾಗಾಯಿತು.

ಚಳಿಯಲ್ಲಿ, ಮೇಷ್ಟ್ರ ಟೊಮೆಟೊ ಕೆಂಪಾಗುವ ಹೊತ್ತಿಗೆ, ನಮ್ಮ ಕುಂಬಳ ಬೂದು ಬಣ್ಣಕ್ಕೆ ತಿರುಗಿತು. ಸಲೂನಿನಲ್ಲೇ ಕೊಯ್ದೆವು. ಒಳಗೆ ಅದೇ ಕೆಂಡದ ಬಣ್ಣ. ಮೇಷ್ಟ್ರು ಬೀಜ ಎಣಿಸಿದರು: ಮುನ್ನೂರ ಎಂಟು. ಒಣಗಿಸಿ, ಪೇಪರ್ ಚೂರುಗಳಲ್ಲಿ ಕಟ್ಟಿ, ಕುರ್ಚಿಯಲ್ಲಿ ಕೂತ ಪ್ರತಿಯೊಬ್ಬರ ಜೇಬಿಗೂ ಎಂಟೆಂಟು ಹಾಕಿದೆ. ತಿನ್ನಿ, ಆದರೆ ಒಂದು ಕಾಯಿ ಬೀಜಕ್ಕೆ ಬಿಡಿ ಎಂದು ಕಿವಿ ಹಿಂಡುವಂತೆ ಹೇಳಿದೆ. ಇನ್ನು ಯಾವ ಇಲಿಯೂ ಈ ತಳಿಯನ್ನು ಮುಗಿಸಲಾರದು, ಯಾವ ಪೆದ್ದ ತಮ್ಮನೂ.

ಕೊನೆಯ ನಾಲ್ಕನ್ನು ಗುಂಡಿ ಡಬ್ಬಿಗೆ ಹಾಕಿ ಅಕ್ಕನ ಕೈಗಿಟ್ಟೆ. ತುಂಬ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದೆ.

“ನೀನು ಅಷ್ಟು ಸಲ ಬೇಡ ಅಂತ ಹೇಳಿದ್ರೂ ನಾನು ಕೇಳಿಸ್ಕೊಳ್ಳಲಿಲ್ಲ. ನನ್ ಮೇಲೆ ಸಿಟ್ಟಿದೆಯಾ ಅಕ್ಕ?”

ಅವಳು ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ನನ್ನ ಮುಖ ನೋಡಿದಳು.

“ಇಲ್ಲ” ಎಂದಳು.

“ಅವ್ರು ಎಲ್ಲದಕ್ಕೂ ಹಾಗೇ ಅಂತಾರೆ” ಎಂದ ಕಂಡಕ್ಟರ್ ನಗುತ್ತ.

“ಸುಮ್ನಿರಯ್ಯಾ” ಎಂದೆ. “ಅವಳು ಇಲ್ಲ ಅಂದ್ರೆ ಇಲ್ಲ ಅಂತಲೇ.”